ಕಾನೂನು ಪದವಿಯಿಲ್ಲದವರು ಉದ್ಯೋಗ ಕಾನೂನನ್ನು ಎಲ್ಲಿಂದ ಓದಲು ಆರಂಭಿಸಬೇಕು?

ಸಿಬ್ಬಂದಿ ವಿಭಾಗದಲ್ಲಿ ಕೆಲಸ ಮಾಡುವ ತಾವು, ಕಾನೂನು ಪದವಿಯಿಲ್ಲದೆಯೂ ನೌಕರರ ಹಕ್ಕುಗಳ ಕಾನೂನನ್ನು ಕಲಿಯಬಹುದೇ, ಕಲಿಯುವುದಾದರೆ ಯಾವ ಕಾಯ್ದೆಯಿಂದ ಆರಂಭಿಸಬೇಕು ಎಂದು ಕೇಳಿದ್ದೀರಿ. ಖಂಡಿತ ಕಲಿಯಬಹುದು; ಆದರೆ ಕಾಯ್ದೆಯಿಂದ ಆರಂಭಿಸಬೇಡಿ. ನಾನೂ ಅದೇ ವಿಭಾಗದಲ್ಲಿದ್ದುಕೊಂಡು ಸಂಜೆ ತರಗತಿಗಳಲ್ಲಿ ಈ ವಿಷಯವನ್ನು ಓದಿದವನು. ಕಲಮುಗಳನ್ನು ಬಾಯಿಪಾಠ ಮಾಡಿ ಒಳ್ಳೆಯ ಅಂಕಗಳನ್ನೇ ಪಡೆದಿದ್ದೆನಾದರೂ, ಒಬ್ಬ ಸಹೋದ್ಯೋಗಿ ತನ್ನ ನೇಮಕ ಪತ್ರವನ್ನು ಮುಂದಿಟ್ಟು "ನಾನು ಇಲ್ಲಿ ನೌಕರನೋ ಅಲ್ಲವೋ?" ಎಂದು ಕೇಳಿದಾಗ ಉತ್ತರ ಹೊಳೆಯದೆ ಕುಳಿತಿದ್ದೆ. ಪತ್ರ ಆತನನ್ನು ಸ್ವತಂತ್ರ ಸಲಹೆಗಾರನೆಂದು ಕರೆದಿತ್ತು. ಆದರೆ ಆತ ಬರುವ ಹೊತ್ತು, ಹೋಗುವ ಹೊತ್ತು, ಪಡೆಯುವ ರಜೆ, ಬಳಸುವ ಕಂಪ್ಯೂಟರ್ ಎಲ್ಲವನ್ನೂ ನಿರ್ಧರಿಸುತ್ತಿದ್ದುದು ಸಂಸ್ಥೆಯೇ.

ನೀವು ಮೊದಲು ಓದಬೇಕಾದುದು ಈ ಪ್ರಶ್ನೆಯನ್ನೇ. ಕನಿಷ್ಠ ವೇತನ, ಸಂಬಳಸಹಿತ ರಜೆ, ಅನ್ಯಾಯದ ವಜಾದಿಂದ ರಕ್ಷಣೆ ಇವೆಲ್ಲ ಬಹುತೇಕ ಎಲ್ಲೆಡೆ ನೌಕರ ಎಂಬ ಹೆಸರಿಗೆ ಅರ್ಹನಾದವನಿಗೆ ಮಾತ್ರ ದೊರೆಯುತ್ತವೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2006ರ 198ನೆಯ ಶಿಫಾರಸು ಚಿಕ್ಕದು, ಒಂದೇ ಸಂಜೆಯಲ್ಲಿ ಓದಿ ಮುಗಿಸಬಹುದಾದದ್ದು. ಕರಾರಿನಲ್ಲಿ ಸಂಬಂಧಕ್ಕೆ ಏನೇ ಹೆಸರಿಟ್ಟಿರಲಿ, ಕೆಲಸ ಹೇಗೆ ನಡೆಯುತ್ತದೆ, ಹಣ ಹೇಗೆ ಸಂದಾಯವಾಗುತ್ತದೆ ಎಂಬ ವಾಸ್ತವಾಂಶಗಳನ್ನೇ ಮುಖ್ಯವಾಗಿ ನೋಡಬೇಕೆಂದು ಅದು ಹೇಳುತ್ತದೆ. ಯಾರ ಸೂಚನೆಯಂತೆ ಕೆಲಸ, ಉಪಕರಣ ಯಾರದು, ಆದಾಯಕ್ಕೆ ಬೇರೆ ಮೂಲವಿದೆಯೇ, ನಷ್ಟದ ಹೊಣೆ ಯಾರ ತಲೆಯ ಮೇಲೆ ಎಂಬಂಥ ಗುರುತುಗಳನ್ನೂ ಪಟ್ಟಿ ಮಾಡುತ್ತದೆ.

ಇದರ ಬೆನ್ನಿಗೇ ಬ್ರಿಟನ್ನಿನ ಸುಪ್ರೀಂ ಕೋರ್ಟು 2021ರ ಫೆಬ್ರವರಿಯಲ್ಲಿ ಊಬರ್ ಚಾಲಕರ ಮೊಕದ್ದಮೆಯಲ್ಲಿ ಕೊಟ್ಟ ತೀರ್ಪನ್ನು ಓದಿ. ಚಾಲಕರು ಸ್ವತಂತ್ರ ಉದ್ಯಮಿಗಳೆಂಬ ಕಂಪನಿಯ ವಾದವನ್ನು ನ್ಯಾಯಾಲಯ ಒಪ್ಪಲಿಲ್ಲ. ಬಾಡಿಗೆ ದರವನ್ನೂ ಕರಾರಿನ ಷರತ್ತುಗಳನ್ನೂ ಕಂಪನಿಯೇ ಗೊತ್ತುಪಡಿಸುತ್ತದೆ, ಸವಾರಿ ನಿರಾಕರಿಸಿದವರಿಗೆ ದಂಡನೆಯಂಥ ಪರಿಣಾಮಗಳಿವೆ, ಪ್ರಯಾಣಿಕರು ಕೊಡುವ ಅಂಕಗಳ ಮೂಲಕ ಚಾಲಕರ ಮೇಲೆ ಹಿಡಿತವಿದೆ ಎಂಬುದನ್ನೆಲ್ಲ ಅದು ಒಂದೊಂದಾಗಿ ಬಿಡಿಸಿ ನೋಡಿತು. ನನ್ನ ಮಟ್ಟಿಗೆ ಅದರ ತಿರುಳಿರುವುದು ಬೇರೆಡೆ: ರಕ್ಷಣೆ ಕೊಡಲೆಂದೇ ಹುಟ್ಟಿದ ಕಾಯ್ದೆಯನ್ನು ಅನ್ವಯಿಸುವಾಗ, ಬಲಾಢ್ಯ ಪಕ್ಷವೇ ಬರೆದ ಕರಾರನ್ನು ಆರಂಭಬಿಂದುವಾಗಿ ಇಟ್ಟುಕೊಂಡರೆ ಆ ರಕ್ಷಣೆಯೇ ಹುಸಿಯಾಗುತ್ತದೆ. ಇಷ್ಟು ಮನಸ್ಸಿಗೆ ಹತ್ತಿದ ಮೇಲೆ ನಿಮ್ಮ ದೇಶದ ಕಾಯ್ದೆಯನ್ನು ತೆರೆಯಿರಿ. ಅದರಲ್ಲಿರುವ ವ್ಯಾಖ್ಯೆಗಳ ಅಧ್ಯಾಯ ಆಗ ನೀರಸವೆನಿಸುವುದಿಲ್ಲ.

ಮುಂದಿನ ವಿಷಯ ವಜಾ. ಇದರ ಕುರಿತು ಅದೇ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ರೂಪಿಸಿದ 1982ರ 158ನೆಯ ಒಡಂಬಡಿಕೆಯನ್ನು ಹೆಚ್ಚಿನ ದೇಶಗಳು ಅಂಗೀಕರಿಸಿಲ್ಲ. ಆದ್ದರಿಂದ ಅದನ್ನು ನಿಮ್ಮ ದೇಶದ ಕಾನೂನೆಂದು ಉಲ್ಲೇಖಿಸುವ ಮುನ್ನ ಪರಿಶೀಲಿಸಿ. ಆದರೂ ವಿಚಾರದ ಕ್ರಮವನ್ನು ಕಲಿಯಲು ಅದರಷ್ಟು ಸ್ಪಷ್ಟವಾದ ಪಠ್ಯ ನನಗೆ ಸಿಕ್ಕಿಲ್ಲ. ನೌಕರನ ಸಾಮರ್ಥ್ಯ, ನಡತೆ ಅಥವಾ ಉದ್ಯಮದ ಅಗತ್ಯಕ್ಕೆ ಸಂಬಂಧಿಸಿದ ಸಮರ್ಪಕ ಕಾರಣವಿರಬೇಕು. ನಡತೆ ಅಥವಾ ಕಾರ್ಯಕ್ಷಮತೆಯ ಆರೋಪವಿದ್ದರೆ ಉತ್ತರಿಸಲು ಅವಕಾಶ ಕೊಡಬೇಕು. ಕಾರ್ಮಿಕ ಸಂಘದ ಸದಸ್ಯತ್ವ, ಗರ್ಭಧಾರಣೆ, ಮಾಲೀಕನ ವಿರುದ್ಧ ಸಲ್ಲಿಸಿದ ದೂರು ಇವು ಕಾರಣಗಳೇ ಆಗಲಾರವು. ಸಿಬ್ಬಂದಿ ವಿಭಾಗದವರಾದ ನಾವು ಕಾರಣವನ್ನು ಮೊದಲೇ ತೀರ್ಮಾನಿಸಿ ವಿಚಾರಣೆಯನ್ನು ಆಮೇಲೆ ನಡೆಸುವ ತಪ್ಪಿಗೆ ಬೀಳುತ್ತೇವೆ. ಸಂಘಟನೆ ಮತ್ತು ಸಾಮೂಹಿಕ ಚೌಕಾಶಿಯ ಕುರಿತ 87 ಮತ್ತು 98ನೆಯ ಒಡಂಬಡಿಕೆಗಳನ್ನೂ, ಕಿರುಕುಳದ ಕುರಿತ 2019ರ 190ನೆಯದನ್ನೂ ನಂತರ ಓದಿಕೊಳ್ಳಬಹುದು.

ಓದುವ ವಿಧಾನದ ಬಗ್ಗೆ ಒಂದು ಮಾತು. ಪ್ರತಿ ತೀರ್ಪಿನಲ್ಲೂ ಮೊದಲು ಸಂಗತಿಗಳನ್ನಷ್ಟೇ ಓದಿ ಪುಟ ಮುಚ್ಚಿ, ನೌಕರನ ಪರ ಒಂದು ಪುಟ, ಮಾಲೀಕನ ಪರ ಒಂದು ಪುಟ ಬರೆಯಿರಿ. ಆಮೇಲೆ ನ್ಯಾಯಾಲಯ ಏನೆಂದಿತು ಎಂದು ನೋಡಿ. ಜೊತೆಗೆ ದೂರು ಸಲ್ಲಿಸುವ ಕಾಲಮಿತಿಗಳನ್ನು ಪ್ರತ್ಯೇಕ ಹಾಳೆಯಲ್ಲಿ ಬರೆದಿಡಿ, ಏಕೆಂದರೆ ನ್ಯಾಯ ತಮ್ಮ ಕಡೆಗೇ ಇದ್ದರೂ ಗಡುವು ಮೀರಿದ್ದರಿಂದಲೇ ಬರಿಗೈಯಲ್ಲಿ ಮರಳಿದವರನ್ನು ನಾನು ಕಂಡಿದ್ದೇನೆ. ನನ್ನ ಆ ಸಹೋದ್ಯೋಗಿಯೂ ಅವರಲ್ಲೊಬ್ಬ.