ಕಾಸರಗೋಡಿಗೆ ಬರುದಾದ್ರೆ ಕಳ್ಳು ಇಳಿಸುದು ನೋಡಿ ಹೋಗಿ

ನಿಮ್ಮ ಗಡಿ ಕಡೆ ಊರಿನದ್ದೇ ಸಾಮಾನು ಹಾಕಿ ಬಿಯರ್ ಮಾಡುವ ಸಣ್ಣ ಬ್ರೂವರಿ ಉಂಟಾ ಅಂತ ಕೇಳಿದ್ರಲ್ಲ, ಬೆಂಗಳೂರಿನ ಹಾಗೆ ಸ್ಟೀಲ್ ಟ್ಯಾಂಕ್ ಇಟ್ಟು ಮಾಡುದು ನಮ್ಮೂರಲ್ಲಿ ಇಲ್ಲ. ನಮ್ಮಲ್ಲಿರುದು ಕಳ್ಳು, ತುಳುವಿನಲ್ಲಿ ಕಲಿ. ಬಿಯರಿಗೆ ಹಾಕುವ ಮಾಲ್ಟ್ ಬೇಡ ಹಾಪ್ಸ್ ಬೇಡ, ತೆಂಗಿನ ಮರ ಬೇಕು, ಹತ್ತುವ ಜನ ಬೇಕು, ಅಷ್ಟೇ.

ನಮ್ಮ ಹಿತ್ತಿಲಿನ ಎರಡು ಮರ ಮೂರ್ತೆಗೆ, ಅಂದ್ರೆ ಕಳ್ಳು ಇಳಿಸ್ಲಿಕ್ಕೆ, ಕೊಟ್ಟಿದ್ದೇವೆ. ಮೂರ್ತೆ ಮಾಡುವ ಅಣ್ಣ ಬೆಳಕು ಹರಿಯುವಾಗ ಬರ್ತಾರೆ, ಸೊಂಟದಲ್ಲಿ ಕತ್ತಿ. ಇನ್ನೂ ಬಿರಿಯದ ಹೊಂಬಾಳೆಯನ್ನು ಬಿಗಿಯಾಗಿ ಸುತ್ತಿ ಕಟ್ಟಿ ಎಲುಬಿನ ತುಂಡಲ್ಲಿ ಮೆಲ್ಲ ಬಡಿತಾರೆ, ಟಕ್ ಟಕ್ ಟಕ್, ನಾನು ಚಿಕ್ಕಂದಿನಿಂದ ಆ ಶಬ್ದಕ್ಕೇ ಏಳುದು. ಜೋರು ಬಡಿದ್ರೆ ಒಳಗಿನ ಹೂ ಜಜ್ಜಿ ಹೋಗ್ತದೆ, ಸಾಲದಿದ್ರೆ ರಸ ಇಳಿಯುದಿಲ್ಲ, ಆ ಹದ ಅವರ ಕೈಗೆ ಮಾತ್ರ ಗೊತ್ತು. ಕೆಲವು ದಿನ ಹೀಗೆ ಬಡಿದು ತುದಿ ಕೊಯ್ದ್ರೆ ಹನಿ ಹನಿಯಾಗಿ ಬರ್ಲಿಕ್ಕೆ ಶುರು, ಅಲ್ಲಿಗೆ ಮಡಕೆ ಕಟ್ಟುದು. ಮತ್ತೆ ಬೆಳಿಗ್ಗೆ ಸಂಜೆ ಹತ್ತಿ ತೆಳ್ಳಗೆ ಕೊಯ್ತಾನೇ ಇರ್ಬೇಕು, ಬಿಟ್ರೆ ಕೊಯ್ದ ಜಾಗ ಒಣಗಿ ರಸ ನಿಲ್ತದೆ, ಹಾಗಾಗಿ ಮನೆಯಲ್ಲಿ ಮದುವೆ ಇದ್ರೂ ಅಣ್ಣ ಮರ ಹತ್ತಿಯೇ ಹೋಗುದು.

ಯೀಸ್ಟ್ ಯಾರೂ ಹಾಕುದಿಲ್ಲ, ಗಾಳಿಯಲ್ಲಿ, ಮಡಕೆಯಲ್ಲಿ ಇರುದೇ ಸಾಕು. ಬೆಳಿಗ್ಗೆ ಇಳಿಸಿದ್ದು ಸಿಹಿ, ನಾಲಿಗೆಗೆ ಸ್ವಲ್ಪ ಚುರುಚುರು, ಸಂಜೆಗೆ ಖಡಕ್, ಇನ್ನೂ ಇಟ್ರೆ ವಿನೆಗರೇ. ಅದಕ್ಕೇ ಬಾಟಲಿಯಲ್ಲಿ ತುಂಬಿಸಿ ನಿಮಗೆ ಕಳಿಸ್ಲಿಕ್ಕೆ ಆಗುದಿಲ್ಲ. ಮಡಕೆ ಒಳಗೆ ಸುಣ್ಣ ಬಳಿದ್ರೆ ಹುಳಿ ಬರುದು ತಡ, ಆ ಸಿಹಿ ರಸಕ್ಕೆ ‘ನೀರಾ’ ಅಂತ ಹೆಸರು. ಇಲ್ಲಿ ಸಿಪಿಸಿಆರ್‌ಐ ಅಂತ ಕೇಂದ್ರ ಸರ್ಕಾರದ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಉಂಟಲ್ಲ, 1916ರಲ್ಲಿ ತೆಂಗಿನ ಸಂಶೋಧನೆಗೆ ಅಂತ ಶುರುವಾದದ್ದು, ಅವರು ಸುಣ್ಣವೂ ಬೇಡ ಅಂತ ಐಸ್ ಪೆಟ್ಟಿಗೆ ಕಟ್ಟಿ ರಸ ಇಳಿಸುವ ಕ್ರಮ ಮಾಡಿದ್ರು. ಅದರ ಹೆಸರು ಕಲ್ಪರಸ, ಜೇನಿನ ಬಣ್ಣ, ಅಮಲಿಲ್ಲ, ಕಾಯಿಸಿದ್ರೆ ಸಕ್ಕರೆ ಆಗ್ತದೆ. ಸಿಕ್ಕಿದ್ರೆ ಬಿಡ್ಬೇಡಿ.

ಕಳ್ಳು ಅಂದ್ರೆ ಬರೀ ಕುಡಿಯುವವರ ವಿಷಯ ಅಂತ ತಿಳ್ಕೊಳ್ಬೇಡಿ. ಕ್ರಿಶ್ಚಿಯನ್ನರ ಮನೆಯ ಸನ್ನ, ಅಂದ್ರೆ ಹಬೆಯಲ್ಲಿ ಬೇಯಿಸುವ ಇಡ್ಲಿಯಂಥ ಅಕ್ಕಿ ತಿಂಡಿ, ಉಬ್ಬುದು ಕಳ್ಳು ಹಾಕಿಯೇ, ಯೀಸ್ಟ್ ಹಾಕಿ ಮಾಡಿದ್ದಕ್ಕೆ ಆ ಪರಿಮಳ ಬರುದೇ ಇಲ್ಲ. ಮುತ್ತಪ್ಪ ದೈವಕ್ಕೆ ಕಳ್ಳು, ಮೀನೇ ನೈವೇದ್ಯ.

ಇನ್ನು ಅಂಗಡಿ. 1956 ನವೆಂಬರ್ 1ಕ್ಕೆ ನಾವು ಕೇರಳಕ್ಕೆ ಸೇರಿದ್ದು, ಆದ್ದರಿಂದ ಕಾನೂನು ಅಲ್ಲಿಯದ್ದು, ಲೈಸೆನ್ಸ್ ಇಲ್ಲದೆ ಮಾರುವ ಹಾಗಿಲ್ಲ. 1996ರಲ್ಲಿ ಕೇರಳದಲ್ಲಿ ಸಾರಾಯಿ ನಿಂತಿತು, ಕಳ್ಳು ಉಳಿಯಿತು. ಹೊರಗೆ ಕಪ್ಪು ಬೋರ್ಡಲ್ಲಿ ಬಿಳಿ ಮಲಯಾಳ ಅಕ್ಷರ, ಒಳಗೆ ಬೆಂಚಲ್ಲಿ ಕೂತವರ ಬಾಯಲ್ಲಿ ತುಳು, ಕನ್ನಡ, ಮಲಯಾಳ, ಬ್ಯಾರಿ ಎಲ್ಲ. ಜೊತೆಗೆ ಮರಗೆಣಸು, ಮೀನು ಸಾರು. ಖಾರ ಜಾಸ್ತಿ ಅನ್ನಿಸಿದ್ರೂ ಒಮ್ಮೆ ತಿನ್ನಿ.

ಒಂದೇ ಬೇಸರ, ಹತ್ತುವವರು ಕಮ್ಮಿ ಆಗ್ತಾ ಇದ್ದಾರೆ. ಈಗ ಕೇರಳದ ಎಷ್ಟೋ ಕಡೆಗೆ ಪಾಲಕ್ಕಾಡಿನ ಚಿತ್ತೂರಿಂದ ಗಾಡಿಯಲ್ಲಿ ಕಳ್ಳು ಬರುದು. ನಮ್ಮ ಮೂರ್ತೆ ಅಣ್ಣನ ಮಗ ದುಬೈಯಲ್ಲಿದ್ದಾನೆ, ಅವನಿಗೆ ಹತ್ಲಿಕ್ಕೆ ಗೊತ್ತಿಲ್ಲ, ಅಣ್ಣನೂ ಕಲಿಸ್ಲಿಲ್ಲ. ಬಿದ್ರೆ ಯಾರು ನೋಡುದು ಅಂತ ಕೇಳ್ತಾರೆ, ನನ್ನ ಹತ್ರ ಉತ್ತರ ಇಲ್ಲ.

ಬರುದಾದ್ರೆ ಮಳೆಗಾಲ ಬಿಟ್ಟು ಬನ್ನಿ, ರಾತ್ರಿ ನಮ್ಮಲ್ಲೇ ಉಳ್ಕೊಳ್ಳಿ, ಬೆಳಿಗ್ಗೆ ಅಣ್ಣ ಇಳಿಯುವಾಗ ಮರದ ಬುಡದಲ್ಲಿ ಇರ್ಬೇಕು ನೀವು.