ಕಾರ್ಮಿಕ ಕಾನೂನು: ಮಾಲೀಕರ ಪ್ರಶ್ನೆ, ನಮ್ಮ ಉತ್ತರ

ಹಳೆಯ ಕಾರ್ಮಿಕ ಕಾಯ್ದೆಗಳನ್ನು ಒಗ್ಗೂಡಿಸಿದ ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದ ಮೇಲೆ ಅಂಗಡಿ, ವರ್ಕ್‌ಶಾಪ್, ಸಣ್ಣ ಕಂಪನಿ ನಡೆಸುವವರಿಂದ ಈ ಅಂಕಣಕ್ಕೆ ಪತ್ರಗಳು ಬರುತ್ತಲೇ ಇವೆ. ಹೆಚ್ಚಿನವರು ಕೇಳುವಂಥವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮದು ದಾವಣಗೆರೆಯಲ್ಲಿ ಬಟ್ಟೆ ಅಂಗಡಿ, 11 ಜನ ಕೆಲಸಕ್ಕಿದ್ದಾರೆ. ಸಂಹಿತೆ ಬಂದ ಮೇಲೆ ಹಳೇ ಕಾನೂನೆಲ್ಲ ರದ್ದಾಯ್ತು, ಅಂಗಡಿ ನೋಂದಣಿಯನ್ನೂ ನವೀಕರಿಸಬೇಕಿಲ್ಲ ಎನ್ನುತ್ತಾರೆ ನಮ್ಮ ಲೆಕ್ಕ ಬರೆಯುವವರು. ಹೌದೇ?

ಉತ್ತರ: ಅವರು ಹೇಳಿದ್ದರಲ್ಲಿ ಅರ್ಧ ಸರಿ. ರದ್ದಾದದ್ದು ಕೇಂದ್ರದ 29 ಕಾಯ್ದೆಗಳು: ಕನಿಷ್ಠ ವೇತನ, ಬೋನಸ್, ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ಕೊಡುವ ಹಣ), ಕಾರ್ಖಾನೆ ಕಾಯ್ದೆ ಮುಂತಾದವು. ರಾಜ್ಯದ ಕಾಯ್ದೆಗಳು ಆ ಪಟ್ಟಿಯಲ್ಲಿಲ್ಲ. 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ, 1965ರ ಕಾರ್ಮಿಕ ಕಲ್ಯಾಣ ನಿಧಿ ಕಾಯ್ದೆ, 1976ರ ವೃತ್ತಿ ತೆರಿಗೆ ಕಾಯ್ದೆ ನಾಲ್ಕೂ ಇದ್ದಲ್ಲೇ ಇವೆ. ಅಂಗಡಿ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ಇ-ಕರ್ಮಿಕ ಜಾಲತಾಣದಲ್ಲಿ ನವೀಕರಿಸಲೇಬೇಕು. ನಗರಸಭೆ ಅಥವಾ ಪಾಲಿಕೆ ಕೊಡುವ ಉದ್ದಿಮೆ ಪರವಾನಗಿ ಇದಕ್ಕೆ ಬದಲಿಯಲ್ಲ. ಎರಡನ್ನೂ ಒಂದೇ ಎಂದುಕೊಂಡು ಒಂದಕ್ಕೆ ಮಾತ್ರ ಹಣ ಕಟ್ಟಿ ಸುಮ್ಮನಾಗುವವರು ಬಹಳ.

ನಿಮ್ಮ ವಿಚಾರದಲ್ಲಿ ಮುಖ್ಯವಾದದ್ದು 11 ಎಂಬ ಸಂಖ್ಯೆ. ಹತ್ತು ಜನ ಆದ ಕೂಡಲೇ ಇಎಸ್‌ಐ (ನೌಕರರ ರಾಜ್ಯ ವಿಮೆ), ಗ್ರಾಚ್ಯುಟಿ, ಲೈಂಗಿಕ ಕಿರುಕುಳ ತಡೆಯ ಆಂತರಿಕ ಸಮಿತಿ ಇವೆಲ್ಲ ಒಟ್ಟಿಗೆ ಬಂದು ಕೂರುತ್ತವೆ. 20 ಆದಾಗ ಪಿಎಫ್ (ಭವಿಷ್ಯ ನಿಧಿ) ಮತ್ತು ಬೋನಸ್ ಸೇರಿಕೊಳ್ಳುತ್ತವೆ. 50ಕ್ಕೆ ಶಿಶುಪಾಲನಾ ಕೇಂದ್ರ ಮತ್ತು ಕಲ್ಯಾಣ ನಿಧಿ, 300ಕ್ಕೆ ಸ್ಥಾಯಿ ಆದೇಶಗಳು, ಅಂದರೆ ಕೆಲಸದ ಷರತ್ತುಗಳ ಲಿಖಿತ ನಿಯಮಾವಳಿ. ಇಎಸ್‌ಐಗೆ ತಲೆ ಎಣಿಸುವಾಗ ಗುತ್ತಿಗೆಯ ಮೇಲೆ ಬರುವ ಕಾವಲುಗಾರ, ಕಸ ಗುಡಿಸುವವರನ್ನು ಬಿಟ್ಟು ಎಣಿಸಬೇಡಿ. ಒಮ್ಮೆ ಇಎಸ್‌ಐ ಅಥವಾ ಪಿಎಫ್ ವ್ಯಾಪ್ತಿಗೆ ಬಂದರೆ, ಆಮೇಲೆ ಇಬ್ಬರು ಬಿಟ್ಟು ಹೋದರು ಎಂದು ಹೊರಬರಲಾಗದು.

ಇನ್ನೊಂದು ಮಾತು. ಅಂಗಡಿ ಕಾಯ್ದೆಯ ಪ್ರಕಾರ ಕೆಲಸಕ್ಕೆ ಸೇರಿದ 30 ದಿನದೊಳಗೆ ನಮೂನೆ ‘ಕ್ಯೂ’ (ಫಾರ್ಮ್ Q) ಎಂಬುದರಲ್ಲಿ ನೇಮಕಾತಿ ಆದೇಶ ಕೊಡಬೇಕು. ಈಗ ನಾಲ್ಕು ಸಂಹಿತೆಗಳಲ್ಲಿ ಒಂದಾದ ಔದ್ಯೋಗಿಕ ಸುರಕ್ಷತಾ ಸಂಹಿತೆಯೂ ಅದನ್ನೇ ಹೇಳುತ್ತದೆ. ಪತ್ರವಿಲ್ಲದೆ ದುಡಿಯುತ್ತಿರುವ ಹಳಬರಿಗೂ, ಸಂಹಿತೆ ಜಾರಿಯಾದ ಮೂರು ತಿಂಗಳೊಳಗೆ ಪತ್ರ ಕೊಡಬೇಕೆಂಬ ನಿಯಮ ಅದರಲ್ಲಿದೆ. ಹತ್ತು ವರ್ಷದಿಂದ ಇರುವ ಟೈಲರ್‌ಗೆ ಒಂದು ಚೀಟಿಯೂ ಇಲ್ಲ ಎಂದಾದರೆ ಮೊದಲು ಮಾಡಬೇಕಾದ ಕೆಲಸ ಅದೇ.

ಪ್ರಶ್ನೆ: ‘ಮೂಲ ವೇತನ ಅರ್ಧಕ್ಕಿಂತ ಕಡಿಮೆ ಇರಬಾರದು’ ಎನ್ನುತ್ತಾರೆ. ಹಾಗಾದರೆ ಎಲ್ಲರ ಮೂಲ ವೇತನವನ್ನೂ ಏರಿಸಬೇಕೆ? ನಮ್ಮಲ್ಲಿ ಒಬ್ಬರಿಗೆ 30,000: ಮೂಲ 10,000, ಮನೆ ಬಾಡಿಗೆ ಭತ್ಯೆ 10,000, ಓಡಾಟದ ಭತ್ಯೆ 6,000, ವಿಶೇಷ ಭತ್ಯೆ 4,000.

ಉತ್ತರ: ಮೂಲ ವೇತನ ಏರಿಸಿ ಎಂದು ಸಂಹಿತೆ ಎಲ್ಲೂ ಹೇಳುವುದಿಲ್ಲ. ‘ವೇತನ’ ಎಂಬ ಪದಕ್ಕೆ ಹೊಸ ಲೆಕ್ಕ ಕೊಟ್ಟಿದೆ, ಅಷ್ಟೇ. ಮನೆ ಬಾಡಿಗೆ, ಓಡಾಟ, ಓವರ್‌ಟೈಮ್, ಕಮಿಷನ್, ಮಾಲೀಕರ ಪಿಎಫ್ ಪಾಲು ಹೀಗೆ ಹೆಸರಿಸಿ ಹೊರಗಿಟ್ಟ ಬಾಬುಗಳಿವೆ. ಹೊರಗಿಟ್ಟ ಬಾಬುಗಳ ಮೊತ್ತ ಒಟ್ಟು ಸಂಬಳದ ಅರ್ಧ ಮೀರಿದರೆ, ಮೀರಿದಷ್ಟನ್ನು ತಂದು ವೇತನಕ್ಕೆ ಸೇರಿಸಬೇಕು.

ನಿಮ್ಮ ಉದಾಹರಣೆಯಲ್ಲೇ ನೋಡೋಣ. ಹೊರಗಿರುವುದು ಮನೆ ಬಾಡಿಗೆ ಮತ್ತು ಓಡಾಟ, ಒಟ್ಟು 16,000. ಅರ್ಧ ಎಂದರೆ 15,000. ಮೀರಿದ್ದು 1,000. ವಿಶೇಷ ಭತ್ಯೆ ಹೊರಗಿಟ್ಟ ಪಟ್ಟಿಯಲ್ಲೇ ಇಲ್ಲ, ಆದ್ದರಿಂದ ಅದು ಪೂರ್ತಿ ವೇತನವೇ. ಈಗ ಕೂಡಿಸಿ: 10,000 + 4,000 + 1,000 = 15,000. ನೀವು 10,000 ಎಂದುಕೊಂಡಿದ್ದ ವೇತನ ಇದು. ವಿಶೇಷ ಭತ್ಯೆಯನ್ನು ಎಲ್ಲವನ್ನೂ ತುಂಬುವ ಚೀಲ ಮಾಡಿಕೊಂಡವರು ಎಡವುವುದು ಇಲ್ಲೇ. ಪಿಎಫ್ ವಿಷಯದಲ್ಲಂತೂ ಎಲ್ಲರಿಗೂ ಸಮನಾಗಿ ಕೊಡುವ ಇಂಥ ಭತ್ಯೆಯನ್ನು ಸೇರಿಸಬೇಕೆಂದು ಸುಪ್ರೀಂ ಕೋರ್ಟ್ 2019ರ ಫೆಬ್ರವರಿಯಲ್ಲೇ ಹೇಳಿತ್ತು.

ಹಣದ ಪರಿಣಾಮ ಎಷ್ಟು? 10,000ದ ಮೇಲೆ 12 ಪ್ರತಿಶತ ಪಿಎಫ್ ಎಂದರೆ 1,200, 15,000ದ ಮೇಲೆ 1,800. ಗ್ರಾಚ್ಯುಟಿಯ ಸೂತ್ರ ಕೊನೆಯ ವೇತನ × 15/26 × ವರ್ಷಗಳು. ಐದು ವರ್ಷದ ಸೇವೆಗೆ ಹಿಂದೆ 28,846 ರೂಪಾಯಿ ಆಗುತ್ತಿದ್ದದ್ದು ಈಗ 43,269 ಆಗುತ್ತದೆ. ಕಾಯಂ ನೌಕರರಿಗೆ ಐದು ವರ್ಷದ ಷರತ್ತು ಹಾಗೇ ಇದೆ. ನಿಗದಿತ ಅವಧಿಗೆ ತೆಗೆದುಕೊಂಡವರಿಗೆ ಮಾತ್ರ ಒಂದು ವರ್ಷ ದುಡಿದರೆ ಸಾಕು, ಗ್ರಾಚ್ಯುಟಿ ಹುಟ್ಟುತ್ತದೆ. ಹನ್ನೊಂದು ತಿಂಗಳ ಕರಾರನ್ನು ಮತ್ತೆ ಮತ್ತೆ ಮುಂದುವರಿಸುತ್ತ ಇದರಿಂದ ಪಾರಾಗಬಹುದೆಂದು ನಂಬಬೇಡಿ. ಸೇವೆ ನಿರಂತರವಾಗಿತ್ತೇ ಎಂಬುದನ್ನು ಹಾಜರಿ ಪುಸ್ತಕ ನೋಡಿ ತೀರ್ಮಾನಿಸುತ್ತಾರೆ, ಕರಾರಿನ ಕಾಗದ ನೋಡಿ ಅಲ್ಲ.

ಸಂಬಳದ ಚೀಟಿಯನ್ನು ಅವಸರದಲ್ಲಿ ತಿದ್ದಬೇಡಿ. ಮೊದಲು ಪ್ರತಿ ನೌಕರರಿಗೂ ಮೇಲಿನಂತೆ ಒಂದು ಸಾಲು ಲೆಕ್ಕ ಹಾಕಿ. ಹೊರಗಿಟ್ಟ ಬಾಬು ಅರ್ಧ ಮೀರದ, ವಿಶೇಷ ಭತ್ಯೆಯೂ ಇಲ್ಲದವರ ಚೀಟಿ ಮುಟ್ಟುವ ಅಗತ್ಯವೇ ಇರುವುದಿಲ್ಲ.

ಪ್ರಶ್ನೆ: ನೌಕರರು ರಾಜೀನಾಮೆ ಕೊಟ್ಟರೆ ಮುಂದಿನ ತಿಂಗಳ ಸಂಬಳದ ಜೊತೆ ಲೆಕ್ಕ ಚುಕ್ತಾ ಮಾಡುವುದು ನಮ್ಮ ರೂಢಿ. ಇದು ಸರಿಯೆ?

ಉತ್ತರ: ಇನ್ನು ಸರಿಯಲ್ಲ. ವಜಾ ಆಗಲಿ, ರಾಜೀನಾಮೆ ಆಗಲಿ, ಬಾಕಿ ವೇತನ ಎರಡು ಕೆಲಸದ ದಿನಗಳೊಳಗೆ ಕೈ ಸೇರಬೇಕು. ಗ್ರಾಚ್ಯುಟಿಗೆ ಮಾತ್ರ 30 ದಿನ. ಆದ್ದರಿಂದ ಲೆಕ್ಕವನ್ನು ನೋಟಿಸ್ ಅವಧಿಯಲ್ಲೇ ಶುರು ಮಾಡಬೇಕು: ಉಳಿದ ಗಳಿಕೆ ರಜೆ, ಮುಂಗಡ ಸಾಲ, ಕೊನೆಯ ತಿಂಗಳ ವೃತ್ತಿ ತೆರಿಗೆ. ಕೊಟ್ಟ ಲ್ಯಾಪ್‌ಟಾಪ್ ಹಿಂದಿರುಗಿಸಿಲ್ಲ ಎಂದು ಇಡೀ ಸಂಬಳ ತಡೆಹಿಡಿಯುವಂತಿಲ್ಲ. ನೌಕರರ ನಿರ್ಲಕ್ಷ್ಯದಿಂದ ವಸ್ತು ಕಳೆದಿದ್ದರೆ ಅವರ ವಿವರಣೆ ಕೇಳಿ, ಆಮೇಲೆ ಕಡಿತ ಮಾಡಬಹುದು. ಎಲ್ಲ ಕಡಿತಗಳೂ ಸೇರಿ ಆ ಅವಧಿಯ ವೇತನದ ಅರ್ಧ ಮೀರಬಾರದು.

ಪ್ರಶ್ನೆ: ಬೆಂಗಳೂರಿನ ನಮ್ಮ ಸಂಸ್ಥೆಯ ಇಬ್ಬರು ಹೈದರಾಬಾದ್ ಶಾಖೆಯಲ್ಲಿ, ಒಬ್ಬರು ಹೊಸೂರಿನಲ್ಲಿ ಕೆಲಸ ಮಾಡುತ್ತಾರೆ. ಎಲ್ಲರಿಗೂ ಕರ್ನಾಟಕದ ನಿಯಮವನ್ನೇ ಅನ್ವಯಿಸಿದರೆ ಸಾಕಲ್ಲವೆ?

ಉತ್ತರ: ಸಾಲದು. ಕನಿಷ್ಠ ವೇತನ, ವೃತ್ತಿ ತೆರಿಗೆ, ಹಬ್ಬದ ರಜೆ, ಅಂಗಡಿ ಕಾಯ್ದೆ ಎಲ್ಲವೂ ನೌಕರ ಕುಳಿತು ಕೆಲಸ ಮಾಡುವ ಜಾಗವನ್ನು ಹಿಡಿದು ನಡೆಯುತ್ತವೆ. ಪಿಎಫ್, ಇಎಸ್‌ಐ ದರಗಳು ಮಾತ್ರ ದೇಶಕ್ಕೆಲ್ಲ ಒಂದೇ.

ಕರ್ನಾಟಕದಲ್ಲಿ ತಿಂಗಳಿಗೆ 25,000ಕ್ಕಿಂತ ಕಡಿಮೆ ಇರುವವರಿಗೆ ವೃತ್ತಿ ತೆರಿಗೆ ಇಲ್ಲ. ತೆಲಂಗಾಣದಲ್ಲಿ 15,000 ದಾಟಿದರೆ ಶುರು: 20,000ದವರೆಗೆ 150, ಅದರ ಮೇಲೆ 200. ಅಂದರೆ 18,000 ಸಂಬಳದ ಇಬ್ಬರಲ್ಲಿ ಬೆಂಗಳೂರಿನವರಿಗೆ ಸೊನ್ನೆ, ಹೈದರಾಬಾದಿನವರಿಗೆ 150. ತಮಿಳುನಾಡಿನದು ಬೇರೆಯೇ ಪದ್ಧತಿ. ಅಲ್ಲಿ ವೃತ್ತಿ ತೆರಿಗೆ ವಸೂಲಿ ಮಾಡುವುದು ಪಾಲಿಕೆ, ಪುರಸಭೆ, ಪಂಚಾಯತಿ, ಅದೂ ಆರು ತಿಂಗಳಿಗೊಮ್ಮೆ. ಹೊಸೂರಿನವರ ತೆರಿಗೆಯನ್ನು ತಿಂಗಳು ತಿಂಗಳು ಕರ್ನಾಟಕಕ್ಕೆ ಕಟ್ಟಿದರೆ ಅಲ್ಲಿಯ ಬಾಕಿ ಹಾಗೇ ಉಳಿದಿರುತ್ತದೆ. ನೌಕರರ ಪಟ್ಟಿಯಲ್ಲಿ ‘ಕೆಲಸದ ಸ್ಥಳ’ ಎಂಬ ಅಂಕಣ ತೆರೆದು ರಾಜ್ಯ ಮತ್ತು ಊರು ಎರಡನ್ನೂ ಬರೆದಿಡಿ. ಯಾರಾದರೂ ಮನೆಯಿಂದ ಕೆಲಸ ಮಾಡುತ್ತ ಬೇರೆ ರಾಜ್ಯಕ್ಕೆ ಮನೆ ಬದಲಿಸಿದರೆ ಆ ತಿಂಗಳೇ ಅದನ್ನು ತಿದ್ದಬೇಕು.

ಪ್ರಶ್ನೆ: ಫೆಬ್ರವರಿಯಲ್ಲಿ ವೃತ್ತಿ ತೆರಿಗೆ 300 ಹಿಡಿದಿದ್ದಾರೆ ಎಂದು ನೌಕರರ ತಕರಾರು.

ಉತ್ತರ: ಹಿಡಿದದ್ದು ಸರಿಯಾಗಿಯೇ ಇದೆ. 2025ರ ಏಪ್ರಿಲ್‌ನಿಂದ ಹನ್ನೊಂದು ತಿಂಗಳು 200, ಫೆಬ್ರವರಿಗೆ 300, ವರ್ಷಕ್ಕೆ 2,500. ಸಂಬಳದ ತಂತ್ರಾಂಶದಲ್ಲಿ ಫೆಬ್ರವರಿಯನ್ನು ಬೇರೆಯಾಗಿ ನಮೂದಿಸದಿದ್ದರೆ ಆ ನೂರು ರೂಪಾಯಿ ತಲೆಗೊಂದರಂತೆ ನಿಮ್ಮ ಕೈಯಿಂದ ಹೋಗುತ್ತದೆ.

ಇದಕ್ಕೆ ಹೋಲುವ ಇನ್ನೊಂದು ತಪ್ಪು ಕಲ್ಯಾಣ ನಿಧಿಯದು. ತಿದ್ದುಪಡಿಯ ನಂತರ ನೌಕರರ ಪಾಲು 20ರಿಂದ 50ಕ್ಕೆ, ಮಾಲೀಕರದು 40ರಿಂದ 100ಕ್ಕೆ ಏರಿದೆ. ಇದು ವರ್ಷಕ್ಕೊಮ್ಮೆ ಮಾತ್ರ. ತಿಂಗಳಿಗೆ 50 ಹಿಡಿದವರು ಹಣ ಹಿಂತಿರುಗಿಸಬೇಕಾಗುತ್ತದೆ.

ಪ್ರಶ್ನೆ: ಮುಟ್ಟಿನ ರಜೆ ಖಾಸಗಿಯವರಿಗೂ ಕಡ್ಡಾಯವೆ? ಒಬ್ಬರು ಹೌದೆಂದರೆ ಇನ್ನೊಬ್ಬರು ಕೋರ್ಟ್ ತಡೆದಿದೆ ಎನ್ನುತ್ತಾರೆ.

ಉತ್ತರ: ರಾಜ್ಯ ಸರ್ಕಾರದ 2025ರ ನವೆಂಬರ್ ಆದೇಶದ ಪ್ರಕಾರ 18ರಿಂದ 52 ವರ್ಷದ ಮಹಿಳಾ ನೌಕರರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳ ಸಹಿತ ರಜೆ. ವೈದ್ಯರ ಪ್ರಮಾಣಪತ್ರ ಕೇಳುವಂತಿಲ್ಲ. ಆ ತಿಂಗಳು ತೆಗೆದುಕೊಳ್ಳದ ರಜೆ ಮುಂದಿನ ತಿಂಗಳಿಗೆ ಸೇರುವುದಿಲ್ಲ. ಅಂಗಡಿ ಕಾಯ್ದೆಯಡಿ ನೋಂದಾಯಿತ ಸಂಸ್ಥೆಗಳೂ ಅದರಲ್ಲಿ ಸೇರಿವೆ. ಆದೇಶವನ್ನು ಹೈಕೋರ್ಟ್‌ನಲ್ಲಿ ಪ್ರಶ್ನಿಸಲಾಯಿತು. ಡಿಸೆಂಬರ್ 9ರಂದು ಮಧ್ಯಂತರ ತಡೆ ಸಿಕ್ಕಿತು, ಅದೇ ದಿನ ಅದನ್ನು ನ್ಯಾಯಾಲಯ ಹಿಂಪಡೆಯಿತು. ಬೆಳಗಿನ ಸುದ್ದಿ ಮಾತ್ರ ಓದಿದವರು ಇಂದಿಗೂ ‘ತಡೆ ಇದೆ’ ಎನ್ನುತ್ತಾರೆ. ರಜೆ ಪುಸ್ತಕದಲ್ಲಿ ಇದಕ್ಕೊಂದು ಪ್ರತ್ಯೇಕ ಅಂಕಣ ಇಡಿ. ಕಾಯಿಲೆ ರಜೆಯಲ್ಲಿ ಕಳೆಯಬೇಡಿ. ಪ್ರಕರಣ ಯಾವ ಹಂತದಲ್ಲಿದೆ ಎಂಬುದನ್ನು ಹೈಕೋರ್ಟ್ ಜಾಲತಾಣದಲ್ಲೇ ನೋಡಿಕೊಳ್ಳಿ.

ಪ್ರಶ್ನೆ: ಇಷ್ಟೆಲ್ಲ ಬದಲಾವಣೆಯನ್ನು ವಕೀಲರಿಲ್ಲದ ಸಣ್ಣ ಸಂಸ್ಥೆ ಗಮನಿಸುವುದು ಹೇಗೆ?

ಉತ್ತರ: ಎರಡು ಕೆಲಸವನ್ನು ಬೇರೆ ಬೇರೆ ಮಾಡಿಕೊಳ್ಳಿ. ತಾರೀಖು ಗೊತ್ತಿರುವುದಕ್ಕೆ ಗೋಡೆ ಕ್ಯಾಲೆಂಡರ್ ಸಾಕು: 7ರೊಳಗೆ ಸಂಬಳ, 15ರೊಳಗೆ ಪಿಎಫ್ ಮತ್ತು ಇಎಸ್‌ಐ, 20ರೊಳಗೆ ವೃತ್ತಿ ತೆರಿಗೆ. ಜನವರಿ 15 ಕಲ್ಯಾಣ ನಿಧಿ, ಜನವರಿ 31 ಆಂತರಿಕ ಸಮಿತಿಯ ವಾರ್ಷಿಕ ವರದಿ. ಏಪ್ರಿಲ್ 30ಕ್ಕೆ ಸಂಸ್ಥೆಯ ಸ್ವಂತ ವೃತ್ತಿ ತೆರಿಗೆ. ಮಾರ್ಚ್‌ಗೆ ಲೆಕ್ಕ ಮುಗಿಸುವವರಿಗೆ ಬೋನಸ್‌ನ ಕೊನೆಯ ದಿನ ನವೆಂಬರ್ 30. ವರ್ಷದ ಕೊನೆಯಲ್ಲಿ ರಜೆ ಪಟ್ಟಿ: ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಖಾಯಂ, ಜೊತೆಗೆ ಐದು ಹಬ್ಬ.

ತಾರೀಖು ಗೊತ್ತಿಲ್ಲದೆ ಬರುವ ಬದಲಾವಣೆಗೆ ಬೇರೆ ಉಪಾಯ ಬೇಕು. ಪ್ರತಿ ತಿಂಗಳು ಸಂಬಳ ಮಾಡುವ ಮುನ್ನ ಅರ್ಧ ಗಂಟೆ ಕಾರ್ಮಿಕ ಇಲಾಖೆ ಮತ್ತು ಕರ್ನಾಟಕ ರಾಜ್ಯಪತ್ರದ ಜಾಲತಾಣ ನೋಡಿ. ಏಪ್ರಿಲ್ ಬಂದಾಗ ಇದನ್ನು ತಪ್ಪಿಸಲೇಬಾರದು, ಏಕೆಂದರೆ ಕನಿಷ್ಠ ವೇತನದ ತುಟ್ಟಿಭತ್ಯೆ ಏಪ್ರಿಲ್ 1ರಿಂದ ಬದಲಾಗುತ್ತದೆ. ಸಿಕ್ಕ ಪ್ರತಿ ಕಾಗದಕ್ಕೂ ಮೂರು ಪ್ರಶ್ನೆ ಕೇಳಿ. ಇದು ಕರಡೋ ಅಂತಿಮವೋ? ಕರಡಿನಲ್ಲಿ ‘ಆಕ್ಷೇಪಣೆ ಸಲ್ಲಿಸಬಹುದು’ ಎಂಬ ಸಾಲು ಇರುತ್ತದೆ. ಜಾರಿಯ ದಿನಾಂಕ ಯಾವುದು? ನಮ್ಮ ತಲೆ ಎಣಿಕೆಗೆ ಅನ್ವಯಿಸುತ್ತದೆಯೆ?

ಮಸೂದೆಗೂ ಕಾನೂನಿಗೂ ಎಷ್ಟು ದೂರ ಎಂಬುದಕ್ಕೆ 2024ರ ಜುಲೈ ನೆನಪಿಸಿಕೊಳ್ಳಿ. ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲಾತಿ ನೀಡುವ ಮಸೂದೆಗೆ ಸಂಪುಟ ಒಪ್ಪಿಗೆ ಕೊಟ್ಟಿತು, ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಿತು. ಸಂಹಿತೆಗಳದು ಇದಕ್ಕೆ ತದ್ವಿರುದ್ಧ: ವೇತನ ಸಂಹಿತೆಗೆ ಸಂಸತ್ತು 2019ರಲ್ಲಿ, ಉಳಿದ ಮೂರಕ್ಕೆ 2020ರಲ್ಲಿ ಒಪ್ಪಿಗೆ ಕೊಟ್ಟಿತ್ತು. ‘ಇವತ್ತಲ್ಲ ನಾಳೆ’ ಎನ್ನುತ್ತ ಐದು ವರ್ಷ ಕಾದವರು ಕೊನೆಗೆ ಅಧಿಸೂಚನೆ ಬಂದ ದಿನ ಸಿದ್ಧರಿರಲಿಲ್ಲ.

ನೋಡಿದ ಅಧಿಸೂಚನೆಯ ಪ್ರತಿ, ಅದರ ಸಂಖ್ಯೆ, ನೀವು ಏನು ಬದಲಿಸಿದಿರಿ, ಯಾವ ತಿಂಗಳ ಸಂಬಳದಿಂದ, ಇಷ್ಟನ್ನು ಒಂದು ಕಡತದಲ್ಲಿ ಸೇರಿಸುತ್ತ ಹೋಗಿ. ತಪಾಸಣೆಗೆ ಬಂದ ಅಧಿಕಾರಿ ಮೊದಲು ಕೇಳುವುದು ಹಾಜರಿ ಮತ್ತು ವೇತನದ ಪುಸ್ತಕ. ಅದರಲ್ಲಿ ಅಂಕಿ ಬದಲಾದ ತಿಂಗಳು ಈ ಕಡತಕ್ಕೆ ತಾಳೆಯಾಗಬೇಕು.