ಓದುಗರ ಪ್ರಶ್ನೆ: ಐಕಿಡೊ ಗುರುಗಳನ್ನು ಸನ್ಮಾನಿಸುವುದು ಹೇಗೆ?

ಪ್ರಶ್ನೆ: ಶಾಲೆಯೊಂದರ ಸಭಾಂಗಣದಲ್ಲಿ ಇಪ್ಪತ್ತು ವರ್ಷಗಳಿಂದ ಸಂಜೆ ಹೊತ್ತು ಐಕಿಡೊ ಎಂಬ ಜಪಾನಿ ಸಮರಕಲೆ ಕಲಿಸುತ್ತಿರುವ ಇಬ್ಬರು ಹಿರಿಯರಿಗೆ ನಾವು ಹಳೆಯ ವಿದ್ಯಾರ್ಥಿಗಳು ಗುರುವಂದನೆ ಏರ್ಪಡಿಸುತ್ತಿದ್ದೇವೆ. ಬಡವರ ಮಕ್ಕಳಿಂದ ಅವರು ಶುಲ್ಕ ಪಡೆದವರಲ್ಲ. ಅವರಿಗೆ ‘ಶಿಹಾನ್’ ಬಿರುದು ನೀಡೋಣ ಎಂದು ಕೆಲವರು, ಶಾಲು-ಹಾರ ಸಾಕು ಎಂದು ಕೆಲವರು ವಾದಿಸುತ್ತಿದ್ದಾರೆ. ಯಾವುದು ಸರಿ?
— ಓದುಗರೊಬ್ಬರು, ಧಾರವಾಡ

ಉತ್ತರ: ಬಿರುದಿನ ಮಾತನ್ನು ಇಲ್ಲಿಗೇ ಬಿಡಿ. ಐಕಿಡೊದ ಮೂಲಸಂಸ್ಥೆಯಾದ ಟೋಕಿಯೊದ ಐಕಿಕಾಯ್‌ನಲ್ಲಿ ಕಪ್ಪುಪಟ್ಟಿಯ ದರ್ಜೆಗಳಾದ ದಾನ್‌ಗಳಲ್ಲಿ ನಾಲ್ಕನೆಯ ದಾನ್‌ವರೆಗೆ ಪರೀಕ್ಷೆ, ಅದರ ಮೇಲೆ ಶಿಫಾರಸು ಎಂಬ ಕ್ರಮವಿದ್ದು, ಶಿಹಾನ್ ಎಂಬುದು ಸಾಮಾನ್ಯವಾಗಿ ಆರನೆಯ ದಾನ್ ಮುಟ್ಟಿದವರಿಗೆ ಸಲ್ಲುವ ಸ್ಥಾನ. ಶಿಷ್ಯರು ಸಭೆ ಸೇರಿಸಿ ಅದನ್ನು ಕೊಟ್ಟರೆ, ಆ ಕ್ರಮವನ್ನು ನಿಮಗೆ ಕಲಿಸಿದ ಗುರುಗಳಿಗೇ ಮುಜುಗರವಾಗುತ್ತದೆ. ಅವರಿಗೆ ಮೇಲಿನ ದಾನ್ ಸಲ್ಲಬೇಕೆಂದು ನಿಮಗೆ ಅನ್ನಿಸಿದರೆ, ಅವರು ಸೇರಿರುವ ಸಂಸ್ಥೆಯ ಹಿರಿಯರಿಗೆ ಪತ್ರ ಬರೆಯಿರಿ.

ಆದರೆ ಸನ್ಮಾನ ಬೇಕೇ ಬೇಕು. ಮೊರಿಹೆಯ್ ಉಯೆಶಿಬಾ (1883–1969) ರೂಪಿಸಿದ ಈ ವಿದ್ಯೆಯಲ್ಲಿ, ಕೆಲವು ಶಾಖೆಗಳನ್ನು ಬಿಟ್ಟರೆ, ಪಂದ್ಯಗಳೇ ಇಲ್ಲ. ನಮ್ಮ ಗರಡಿಮನೆಯ ವಸ್ತಾದರಿಗೆ ಶಿಷ್ಯ ಗೆದ್ದ ಬೆಳ್ಳಿ ಗದೆಯಿಂದಲಾದರೂ ಹೆಸರು ಬರುತ್ತದೆ. ಐಕಿಡೊ ಕಲಿಸಿದವರ ಕೆಲಸಕ್ಕೆ ಪದಕವಿಲ್ಲ, ಆದ್ದರಿಂದ ಪತ್ರಿಕೆಯಲ್ಲಿ ಸುದ್ದಿಯೂ ಇಲ್ಲ. ಉಯೆಶಿಬಾ ಅವರಿಗೂ ಜಪಾನ್ ಸರಕಾರ ನೇರಳೆ ಪಟ್ಟಿಯ ಪದಕ ನೀಡಿದ್ದು 1960ರಲ್ಲಿ, ಅವರ ಎಪ್ಪತ್ತಾರನೆಯ ವಯಸ್ಸಿನಲ್ಲಿ.

ಶಾಲು-ಹಾರ, ಫಲತಾಂಬೂಲ ಇರಲಿ. ಶ್ರಮವೆಲ್ಲ ಬಿನ್ನವತ್ತಳೆಯ ಮೇಲಿರಲಿ. ‘ಅಪ್ರತಿಮ ಸೇವೆ’, ‘ಅಮೂಲ್ಯ ಕೊಡುಗೆ’ ಎಂಬಂತಹ, ಯಾರ ಹೆಸರಿಗಾದರೂ ಹೊಂದುವ ಮಾತುಗಳ ಬದಲು ಅವರು ಮಾಡಿದ್ದನ್ನೇ ಬರೆಯಿರಿ. ಉದಾಹರಣೆಗೆ, ಐಕಿಡೊದಲ್ಲಿ ಮೊದಲು ಕಲಿಸುವುದು ಬೀಳುವುದನ್ನು: ಹಿಂದಕ್ಕೆ ಬೀಳುವಾಗ ಗದ್ದವನ್ನು ಎದೆಗೆ ಒತ್ತಿಕೊಂಡು ತಲೆ ನೆಲಕ್ಕೆ ಬಡಿಯದಂತೆ ನೋಡಿಕೊಳ್ಳುವುದು, ಮುಂದಕ್ಕೆ ಉರುಳುವಾಗ ಅಂಗೈ ಊರಿ ಮಣಿಕಟ್ಟು ಮುರಿದುಕೊಳ್ಳದೆ, ಬಾಗಿದ ತೋಳಿನ ಅಂಚಿನಿಂದ ಭುಜಕ್ಕೆ, ಭುಜದಿಂದ ಬೆನ್ನನ್ನು ಓರೆಯಾಗಿ ಹಾದು ಎದುರು ಬದಿಯ ಸೊಂಟಕ್ಕೆ ಹೊರಳಿ ಏಳುವುದು. ಇದನ್ನು ಕಲಿತವರಲ್ಲಿ ಯಾರು, ಯಾವ ಮೆಟ್ಟಿಲಿನಲ್ಲಿ, ಯಾವ ಬೈಕಿನಿಂದ ಬಿದ್ದು ಉಳಿದುಕೊಂಡರು ಎಂದು ವಿಚಾರಿಸಿ ನೋಡಿ. ನಿಮ್ಮ ಬಿನ್ನವತ್ತಳೆ ತಾನಾಗಿಯೇ ತುಂಬುತ್ತದೆ. ಅದನ್ನು ಓದುವ ಕೆಲಸ ಮುಖ್ಯ ಅತಿಥಿಗಳದ್ದಲ್ಲ, ಹಾಗೆ ಬಿದ್ದು ಎದ್ದವರದ್ದು.

ಇನ್ನು ಹಣದ ವಿಷಯ. ಹಮ್ಮಿಣಿ ಅರ್ಪಿಸುವುದಾದರೆ ಅವರ ಕೈಗೇ ಕೊಡಿ, ಲೆಕ್ಕ ಕೇಳಬೇಡಿ. ಸೇವೆ ಮಾಡಿದವರು ಹಣ ಮುಟ್ಟಬಾರದೆಂಬ ನಿರೀಕ್ಷೆ ನಮ್ಮಲ್ಲಿ ವಿಪರೀತವಾಗಿದೆ. ಇಷ್ಟು ವರ್ಷ ಮೊಣಕಾಲೂರಿ ಕಲಿಸಿದವರಿಗೆ ಮೊಣಕಾಲಿನ ಔಷಧದ ಖರ್ಚೂ ಇರುತ್ತದೆ. ಅದಲ್ಲದೆ ಬೇರೆ ನಿಧಿಯನ್ನೂ ಕೂಡಿಸಬಲ್ಲಿರಾದರೆ ಗದುಗಿನ ಮಾದರಿ ಹತ್ತಿರದಲ್ಲೇ ಇದೆ: ಪುಟ್ಟರಾಜ ಗವಾಯಿಗಳಿಗೆ ಭಕ್ತರು ನಡೆಸುತ್ತಿದ್ದ ತುಲಾಭಾರದ ಕಾಣಿಕೆ ವೀರೇಶ್ವರ ಪುಣ್ಯಾಶ್ರಮದ ಅಂಧ ಮಕ್ಕಳ ಊಟಕ್ಕೂ ಸಂಗೀತಪಾಠಕ್ಕೂ ಸಲ್ಲುತ್ತಿತ್ತು. ನಿಮ್ಮ ಸಭಾಂಗಣದ ತತಾಮಿ ಹಾಸುಗಳ ಅಂಚು ಕಿತ್ತು ಹೋಗಿದ್ದರೆ, ಆ ನಿಧಿಯಿಂದ ಹೊಸ ಹಾಸು ಹಾಕಿಸಿ.

ಪ್ರಶ್ನೆ: ಗುರುವಂದನೆಯ ದಿನ ಹಾಸಿನ ಮೇಲೆಯೇ ಗುರುಗಳ ಪಾದ ಮುಟ್ಟಬಹುದೇ?
— ಓದುಗರೊಬ್ಬರು, ಗದಗ

ಉತ್ತರ: ಹಾಸಿನ ಮೇಲೆ ಅಲ್ಲಿಯ ರೀತಿಯೇ ಚೆಂದ: ಮಂಡಿಯೂರಿ ಕುಳಿತು, ಎರಡೂ ಅಂಗೈಗಳನ್ನು ಮುಂದಿಟ್ಟು ಬಾಗುವುದು. ಅಲ್ಲಿ ಗುರುಗಳೂ ಶಿಷ್ಯರಿಗೆ ಮರಳಿ ಬಾಗುತ್ತಾರೆ. ಪಾದ ಮುಟ್ಟುವ ಆಸೆಯನ್ನು ಅವರ ಮನೆಗೆ ಹೋಗಿ ತೀರಿಸಿಕೊಳ್ಳಿ. ಅತಿಥಿಗಳನ್ನು ಹಾಸಿನ ಮೇಲೆ ಕರೆಯುವುದಾದರೆ, ಬೂಟು ಬಿಚ್ಚಬೇಕಾಗುತ್ತದೆ ಎಂಬುದನ್ನು ಆಮಂತ್ರಣ ಕೊಡುವಾಗಲೇ ತಿಳಿಸಿಬಿಡಿ.